ರೋಬೋಟನ್ನು ಕೆಎ 06 ಲಾರಿ ಮಾಡುವುದು ಹೇಗೆ

ನಾನು ಮೊದಲ ಸಲ ಬಣ್ಣ ಹಚ್ಚಿದ ಆಟಿಕೆ ರೋಬೋಟ್ ಒಂದೇ ಒಂದು ರಾತ್ರಿ ಚೆನ್ನಾಗಿತ್ತು. ಬೆಳಗ್ಗೆ ಎದ್ದು ಅದನ್ನು ಮಡಚಿ ಲಾರಿ ಮಾಡಲು ಹೋದೆ. ಮೊಣಕಾಲು ಅರ್ಧಕ್ಕೆ ನಿಂತಿತು. ಸ್ವಲ್ಪ ಜೋರು ಮಾಡಿದೆ. ತೊಡೆಯ ಬಣ್ಣ ಹಾವಿನ ಪೊರೆಯ ಹಾಗೆ ಸುಲಿದು ಕೈಗೆ ಬಂತು. "ಮೂವತ್ತನಾಲ್ಕು ವರ್ಷಕ್ಕೆ ಇದೆಲ್ಲ ಬೇಕಿತ್ತಾ ನಿಂಗೆ?" ಅಂತ ಅಮ್ಮ ಕಾಫಿ ಲೋಟ ಇಟ್ಟು ಹೋದರು.

ತಪ್ಪು ಬ್ರಷ್‌ನದ್ದಲ್ಲ, ಬಣ್ಣದ್ದೂ ಅಲ್ಲ. ಬಣ್ಣಕ್ಕೂ ದಪ್ಪ ಇರುತ್ತದೆ ಅನ್ನುವುದು ನನಗೆ ಹೊಳೆದಿರಲಿಲ್ಲ. ಶೋಕೇಸಿನಲ್ಲಿ ಸುಮ್ನೆ ನಿಲ್ಲುವ ಗೊಂಬೆಗೆ ಆ ದಪ್ಪ ಲೆಕ್ಕಕ್ಕಿಲ್ಲ. ಆದರೆ ರೂಪ ಬದಲಿಸುವ ರೋಬೋಟಿನಲ್ಲಿ ಒಂದು ತುಂಡು ಇನ್ನೊಂದರ ಮೈ ಉಜ್ಜಿಕೊಂಡೇ ಸರಿಯುತ್ತದೆ. ನಡುವೆ ಇರುವ ಸಂದು ಕೂದಲೆಳೆಯಷ್ಟು. ಅಲ್ಲಿ ಪ್ರೈಮರ್, ಅದರ ಮೇಲೆ ಮೂರು ಕೋಟ್ ಬಣ್ಣ, ಅದರ ಮೇಲೆ ವಾರ್ನಿಷ್ ಹೋಗಿ ಕೂತರೆ ಕೀಲು ತಿರುಗುವುದಾದರೂ ಹೇಗೆ? ಹಾಗಾಗಿ ಕೆಳಗೆ ಬಣ್ಣಕ್ಕಿಂತ ಸಂದಿನ ಮಾತೇ ಜಾಸ್ತಿ ಬರುತ್ತದೆ.

ಉದಾಹರಣೆಗೆ ನನ್ನ ಈಚಿನ ಕೆಲಸವನ್ನೇ ಇಟ್ಟುಕೊಳ್ಳುತ್ತೇನೆ. ಕೆಂಪು ನೀಲಿ ಬಣ್ಣದ ಒಂದು ಅಮೆರಿಕನ್ ಟ್ರಕ್ ರೋಬೋಟ್. ಅದನ್ನು ತುಮಕೂರಿನಿಂದ ಹೊರಡುವ ತೆಂಗಿನಕಾಯಿ ಲಾರಿ ಮಾಡಬೇಕಿತ್ತು. ಒಣಗಿದ ಎಲೆಯ ಕಂದು ಮೈ, ಬಿಳಿ ಅಂಚು, ಹಳದಿ ನಂಬರ್ ಪ್ಲೇಟು, ಮುಂದೆ ನಿಂಬೆಹಣ್ಣು ಮೆಣಸಿನಕಾಯಿ.

ಅಸಲಿ ಬಣ್ಣ ಕೆಡಿಸುವುದು ಪಾಪವೇ?

ಕಂಪನಿ ಕೊಟ್ಟ ಬಣ್ಣ ಕೆಡಿಸಬಾರದು ಎನ್ನುವವರು ಇದ್ದಾರೆ. ಅವರಿಗೆ ನಾನು ಮೂರು ವಿಮಾನಗಳ ಕಥೆ ಹೇಳುತ್ತೇನೆ. ಟ್ರಾನ್ಸ್‌ಫಾರ್ಮರ್ಸ್ ಆಟಿಕೆಗಳು 1984ರಲ್ಲಿ ಅಮೆರಿಕದ ಹ್ಯಾಸ್ಬ್ರೋ ಕಂಪನಿಯ ಹೆಸರಲ್ಲಿ ಅಂಗಡಿಗೆ ಬಂದವು. ಆದರೆ ಅಚ್ಚುಗಳು ಜಪಾನಿನ ಟಕಾರಾ ಕಂಪನಿಯವು. ಡಯಾಕ್ಲೋನ್, ಮೈಕ್ರೋ ಚೇಂಜ್ ಎಂಬ ಹೆಸರುಗಳಲ್ಲಿ ಅಲ್ಲಿ ಮೊದಲೇ ಮಾರಾಟವಾಗುತ್ತಿದ್ದ ಆಟಿಕೆಗಳು. ಆ ಮೊದಲ ವರ್ಷದ ಸ್ಟಾರ್‌ಸ್ಕ್ರೀಮ್, ಥಂಡರ್‌ಕ್ರ್ಯಾಕರ್, ಸ್ಕೈವಾರ್ಪ್ ಮೂರೂ ಎಫ್-15 ವಿಮಾನ ಆಗುವ ರೋಬೋಟುಗಳು. ಮೂರಕ್ಕೂ ಅಚ್ಚು ಒಂದೇ! ಒಂದು ಬೂದು, ಒಂದು ನೀಲಿ, ಒಂದು ಕಪ್ಪು. ಬಣ್ಣ ಬದಲಾಯಿತು, ಹೆಸರು ಬದಲಾಯಿತು, ಮಕ್ಕಳು ಮೂರನ್ನೂ ಕೇಳಿದರು. ಅವತ್ತಿನಿಂದ ಇವತ್ತಿನವರೆಗೂ ಕಂಪನಿ ಇದೇ ಕೆಲಸ ಮಾಡಿಕೊಂಡು ಬಂದಿದೆ. ಅವರು ಮಾಡಿದರೆ ಹೊಸ ಮಾಡೆಲ್, ನಾವು ಮಾಡಿದರೆ ಹಾಳು ಮಾಡಿದ್ದು ಅಂದರೆ ಹೇಗೆ?

ಒಂದು ಎಚ್ಚರಿಕೆ ಮಾತ್ರ ಇದೆ. ನಿಜವಾಗಿ ಹಳೆಯದು, ಡಬ್ಬದ ಸಮೇತ ಇರುವುದು ನಿಮ್ಮ ಕೈಗೆ ಸಿಕ್ಕಿದ್ದರೆ ಅದನ್ನು ಮುಟ್ಟಬೇಡಿ. ಬಣ್ಣ ಬಿದ್ದ ತಕ್ಷಣ ಅದರ ಬೆಲೆ ಹೋಗುತ್ತದೆ. ಮೊದಲ ಪ್ರಯೋಗಕ್ಕೆ ಜಾತ್ರೆಯಲ್ಲಿ ಸಿಗುವ ನಕಲಿಯೇ ಸಾಕು. ಅದರ ಪ್ಲಾಸ್ಟಿಕ್ ಸ್ವಲ್ಪ ಪೆಡಸು, ಬೇಗ ಮುರಿಯುತ್ತದೆ. ಮುರಿದರೂ ಹೊಟ್ಟೆ ಉರಿಯುವುದಿಲ್ಲ, ಅಲ್ವಾ? ಎರಡನೆಯದಕ್ಕೆ ಏಳು ಇಂಚಿನ ಸುಮಾರಿಗೆ ಇರುವ ವಾಯೇಜರ್ ಗಾತ್ರದ್ದು ತಗೊಳ್ಳಿ. ಚಿಕ್ಕದರಲ್ಲಿ ಸಂದುಗಳೂ ಚಿಕ್ಕವು, ಬಣ್ಣಕ್ಕೆ ಜಾಗವೇ ಇರುವುದಿಲ್ಲ. ತೀರಾ ದೊಡ್ಡದರಲ್ಲಿ ತುಂಡುಗಳು ಜಾಸ್ತಿ.

ಸಾಮಾನು

ಎಚ್‌ಎಂಟಿ ವಾಚ್ ಫ್ಯಾಕ್ಟರಿ ಇದ್ದ ತುಮಕೂರು ನಮ್ಮ ಊರು. ಸಣ್ಣ ಸ್ಕ್ರೂ ಬಗ್ಗೆ ಗೊತ್ತಿರುವ ಹಿರಿಯರು ಬೀದಿಗೊಬ್ಬರು ಸಿಗುತ್ತಾರೆ. ನಮ್ಮ ಪಕ್ಕದ ಮನೆ ಅಂಕಲ್ ಅಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನನ್ನ ಹತ್ತು ರೂಪಾಯಿಯ ಸ್ಕ್ರೂಡ್ರೈವರ್ ನೋಡಿ ಅವರಿಗೆ ನಗು ಬಂತು. "ನೋಡಪ್ಪಾ, ತುದಿ ಸ್ಕ್ರೂ ತಲೆಯೊಳಗೆ ತುಂಬಿ ಕೂರಬೇಕು. ಕೆಳಗೆ ಒತ್ತೋದು ಜಾಸ್ತಿ ಇರಲಿ, ತಿರುಗಿಸೋದು ಕಮ್ಮಿ ಇರಲಿ" ಅಂದರು. ಆ ಒಂದು ಮಾತು ಕೇಳಿದ ಮೇಲೆ ನಾನು ಒಂದು ಸ್ಕ್ರೂ ತಲೆಯನ್ನೂ ಸವೆಸಿಲ್ಲ. ಪ್ಲಸ್ ತಲೆಯ ಸ್ಕ್ರೂಗಳಿಗೆ ಪಿಎಚ್ 0, ಪಿಎಚ್ 00 ಎರಡು ಗಾತ್ರ ಇಟ್ಟುಕೊಳ್ಳಿ. ದೊಡ್ಡ ಸ್ಕ್ರೂ ಇದ್ದರೆ ಪಿಎಚ್ 1 ಬೇಕಾಗಬಹುದು. ಇದೊಂದರಲ್ಲಿ ಜುಗ್ಗತನ ಬೇಡ.

ಉಳಿದದ್ದೆಲ್ಲ ಊರಲ್ಲೇ ಸಿಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ 400, 600, 1000 ನಂಬರಿನ ವಾಟರ್ ಪೇಪರ್ (ಒದ್ದೆ ಮಾಡಿ ತಿಕ್ಕುವ ಉಜ್ಜುಕಾಗದ), ಮಾಸ್ಕಿಂಗ್ ಟೇಪ್, ಎಂ-ಸೀಲ್. ಗಾಡಿ ಪೇಂಟ್ ಮಾರುವ ಕಡೆ ಬೂದು ಬಣ್ಣದ ಪ್ರೈಮರ್ ಸ್ಪ್ರೇ ಡಬ್ಬ. ಸ್ಟೇಷನರಿ ಅಂಗಡಿಯಲ್ಲಿ ಅಕ್ರಿಲಿಕ್ ಬಣ್ಣ, 0 ಮತ್ತು 2 ನಂಬರಿನ ಬ್ರಷ್, ಒಂದು ಚಪ್ಪಟೆ ಬ್ರಷ್. ಮಾಸ್ಕ್ ಮರೆಯಬೇಡಿ. ನೈಲ್ ಪಾಲಿಷ್, ನೈಲ್ ಪಾಲಿಷ್ ರಿಮೂವರ್, ಪೇಂಟ್ ಥಿನ್ನರ್ ಈ ಮೂರನ್ನು ಬರಿ ಪ್ಲಾಸ್ಟಿಕ್ ಹತ್ತಿರ ತರಬೇಡಿ. ಥಿನ್ನರ್ ಹಾಕಿ ಒರೆಸಿದ ನನ್ನ ಒಂದು ರೋಬೋಟಿನ ಭುಜ, ಸ್ಕ್ರೂ ಸುತ್ತ ಜೇಡರ ಬಲೆಯ ಹಾಗೆ ಬಿರುಕು ಬಿಟ್ಟಿತು. ಸ್ಕ್ರೂ, ಪಿನ್ನು ಬಿಗಿದ ಜಾಗದಲ್ಲಿ ಪ್ಲಾಸ್ಟಿಕ್ ಯಾವಾಗಲೂ ಎಳೆತದಲ್ಲಿರುತ್ತದೆ. ಥಿನ್ನರ್ ಸೋಕಿದರೆ ಮೊದಲು ಸೀಳುವುದು ಅಲ್ಲೇ.

ಬಿಚ್ಚುವ ಮೊದಲು ಪೌಡರ್ ಹಾಕಿ

ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಳ್ಳುವ ಮೊದಲು ರೋಬೋಟನ್ನು ಐದಾರು ಸಲ ಮಡಚಿ ಬಿಚ್ಚಿ. ಕಣ್ಣು ಮುಚ್ಚಿದರೂ ಯಾವುದರ ನಂತರ ಯಾವುದು ಅನ್ನುವುದು ಕೈಗೆ ಗೊತ್ತಾಗಬೇಕು. ಪ್ರತಿ ಹಂತಕ್ಕೂ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಆಮೇಲೆ ಮುಖಕ್ಕೆ ಹಚ್ಚುವ ಪೌಡರ್ ತಗೊಂಡು ಮೈಗೆಲ್ಲ ತೆಳ್ಳಗೆ ಸವರಿ. ನಿಧಾನವಾಗಿ ಒಂದೇ ಒಂದು ಸಲ ಮಡಚಿ, ಒಂದೇ ಸಲ ಬಿಚ್ಚಿ. ಎಲ್ಲಿ ಪೌಡರ್ ಅಳಿಸಿ ಪ್ಲಾಸ್ಟಿಕ್ ಹೊಳೆಯುತ್ತದೋ ಅದೇ ಉಜ್ಜುವ ಜಾಗ. ಬಿಳಿ ಪ್ಲಾಸ್ಟಿಕ್ ಆದರೆ ಪೌಡರ್ ಕಾಣುವುದಿಲ್ಲ. ಅದಕ್ಕೆ ಮೆತ್ತನೆಯ ಪೆನ್ಸಿಲ್ಲಿನಿಂದ ಗೀಚಿ ನೋಡಿ. ಈ ಜಾಗಗಳನ್ನು ಫೋಟೋ ತೆಗೆದು, ಫೋನಿನಲ್ಲೇ ಬೆರಳಿನಿಂದ ಕೆಂಪು ಗೆರೆ ಎಳೆದು ಗುರುತು ಮಾಡಿ. ನನ್ನ ಲಾರಿಯಲ್ಲಿ ಇಂಥವು ಒಂಬತ್ತು ಸಿಕ್ಕವು. ತೊಡೆಯ ಒಳಮೈ, ಮುಂಗೈ ಒಳಗೆ ಜಾರುವ ಮುಷ್ಟಿ, ಎದೆಯ ಮೇಲೆ ಮಡಚುವ ಕ್ಯಾಬಿನ್ ಕಿಟಕಿ, ಕಾಲಿನ ಪಕ್ಕದ ಚಕ್ರ... ಇವುಗಳಲ್ಲಿ ನಾಲ್ಕು ಹೊರಗೆ ಕಾಣುವುದೇ ಇಲ್ಲ. ಕಾಣದ ಕಡೆ ಬಣ್ಣ ಯಾಕೆ ಹಚ್ಚಬೇಕು? ಅವು ನಾಲ್ಕನ್ನು ಹಾಗೇ ಬಿಟ್ಟೆ. ಅರ್ಧ ತಲೆನೋವು ಅಲ್ಲೇ ಹೋಯಿತು.

ಬಿಚ್ಚುವುದು: ಇಡ್ಲಿ ತಟ್ಟೆ, ಪ್ಲಾಸ್ಟಿಕ್ ಕವರ್, ಸಹನೆ

ಹಳೆಯ ಇಡ್ಲಿ ತಟ್ಟೆ ಒಂದು ಬೇಕು. ಒಂದೊಂದು ಗುಳಿ ಒಂದೊಂದು ಅಂಗಕ್ಕೆ. ಎಡಗೈ, ಬಲಗೈ, ಎದೆ, ಸೊಂಟ ಹೀಗೆ. ಯಾಕೆಂದರೆ ಸ್ಕ್ರೂಗಳು ನೋಡಲು ಒಂದೇ ಥರ ಇದ್ದರೂ ಉದ್ದ ಬೇರೆ ಬೇರೆ. ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ಹಾಕಿದರೆ ಅದು ಆಚೆ ಮೈ ತೂತು ಮಾಡಿಕೊಂಡು ಬರುತ್ತದೆ. ಈ ತಟ್ಟೆಯನ್ನು ಆಮೇಲೆ ಅಡುಗೆ ಮನೆಗೆ ವಾಪಸ್ ಕೊಡುವಂತಿಲ್ಲ, ಅದನ್ನು ಮೊದಲೇ ಮನೆಯಲ್ಲಿ ಹೇಳಿಬಿಡಿ.

ಭುಜ, ಸೊಂಟದಲ್ಲಿ ತಿರುಗಿಸಿದಾಗ ಟಕ್ ಟಕ್ ಸದ್ದು ಬಂದರೆ ಒಳಗೆ ಹಲ್ಲಿನ ಚಕ್ರ ಮತ್ತು ಸ್ಪ್ರಿಂಗ್ ಇದೆ ಅಂತ ಅರ್ಥ. ಅದನ್ನು ಬಿಚ್ಚುವಾಗ ಕೈ, ಆಟಿಕೆ ಎರಡನ್ನೂ ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಂಡೇ ಬಿಚ್ಚಿ. ಸ್ಪ್ರಿಂಗ್ ಹಾರಿದರೂ ಕವರಿನಲ್ಲೇ ಇರುತ್ತದೆ. ಈ ಬುದ್ಧಿ ನನಗೆ ಬಂದದ್ದು ಅರ್ಧ ದಿನ ಮಂಚದ ಕೆಳಗೆ ಟಾರ್ಚ್ ಹಿಡಿದು ತೆವಳಿದ ಮೇಲೆ.

ಇನ್ನು ಪಿನ್ನುಗಳು. ಕೆಲವು ಕೀಲುಗಳಲ್ಲಿ ಸ್ಕ್ರೂ ಬದಲು ಉಕ್ಕಿನ ಪಿನ್ ಬಡಿದಿರುತ್ತಾರೆ. ಭೂತಗನ್ನಡಿ ಹಿಡಿದು ಎರಡೂ ತುದಿ ನೋಡಿ. ಒಂದು ತುದಿ ನುಣುಪು, ಇನ್ನೊಂದರ ಸುತ್ತ ಸಣ್ಣ ಗೀರು ಹಲ್ಲುಗಳಿರುತ್ತವೆ. ನುಣುಪು ಕಡೆಯಿಂದ ಬಡಿದು, ಹಲ್ಲಿನ ಕಡೆಯಿಂದ ಹೊರಗೆ ತೆಗೆಯಬೇಕು. ಉಲ್ಟಾ ಬಡಿದರೆ ಆ ಹಲ್ಲುಗಳು ಇಡೀ ತೂತನ್ನು ಕೆರೆದುಕೊಂಡು ಹೋಗುತ್ತವೆ. ಮತ್ತೆ ಆ ಕೀಲು ಜೀವಮಾನದಲ್ಲಿ ಬಿಗಿಯಾಗುವುದಿಲ್ಲ. ಬಡಿಯಲು ಪಿನ್ನಿಗಿಂತ ಸ್ವಲ್ಪ ಸಣ್ಣ ಮೊಳೆಯ ಚೂಪು ತುದಿಯನ್ನು ಅರ ಹಾಕಿ ಚಪ್ಪಟೆ ಮಾಡಿಕೊಂಡರೆ ಸಾಕು. ಕೆಳಗೆ ರೊಟ್ಟಿ ಹಲಗೆ ಅಲ್ಲ, ಒಂದು ಮರದ ತುಂಡು ಇಟ್ಟುಕೊಳ್ಳಿ. ನನ್ನ ಮಾತು ಕೇಳುವುದಾದರೆ, ಮೊದಲ ಎರಡು ರೋಬೋಟುಗಳಲ್ಲಿ ಪಿನ್ ಮುಟ್ಟಲೇಬೇಡಿ. ಪಿನ್ನಿನ ಆಸುಪಾಸಿಗೆ ಟೇಪ್ ಸುತ್ತಿ ಬಣ್ಣ ಹಚ್ಚಬಹುದು.

ಎಲ್ಲ ಪ್ಲಾಸ್ಟಿಕ್ಕೂ ಒಂದೇ ಅಲ್ಲ

ಬಿಚ್ಚಿದ ಮೇಲೆ ತುಂಡುಗಳನ್ನು ಮೂರು ಗುಂಪು ಮಾಡಿ. ಹೊರಮೈಯ ಗಟ್ಟಿ ತುಂಡುಗಳು ಸಾಮಾನ್ಯವಾಗಿ ಎಬಿಎಸ್ ಪ್ಲಾಸ್ಟಿಕ್. ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಕೀಲುಗಳ ಹತ್ತಿರದ ತುಂಡುಗಳು, ಗುಂಡು ಕೀಲಿನ (ಬಾಲ್ ಜಾಯಿಂಟ್) ಗುಂಡುಗಳು ಹೆಚ್ಚಾಗಿ ಪಿಒಎಂ ಎಂಬ ಜಾತಿ. ಉಗುರಲ್ಲಿ ಸವರಿದರೆ ಮೇಣದ ಹಾಗೆ ಜಾರುತ್ತದೆ. ಆ ಜಾರುವ ಗುಣಕ್ಕೇ ಅದನ್ನು ಕೀಲಿಗೆ ಹಾಕುವುದು. ಅದೇ ಗುಣದಿಂದ ಬಣ್ಣವೂ ಅದರ ಮೇಲೆ ನಿಲ್ಲುವುದಿಲ್ಲ, ಅಂಟೂ ಗಟ್ಟಿಯಾಗಿ ಹಿಡಿಯುವುದಿಲ್ಲ. ಅದನ್ನು ಅದರ ಬಣ್ಣದಲ್ಲೇ ಬಿಟ್ಟು, ಸುತ್ತಲಿನ ಬಣ್ಣವನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಜಾಣತನ. ನನ್ನ ರೋಬೋಟಿನ ಕೀಲುಗಳು ಕಡು ಬೂದು. ಲಾರಿಗೆ ಹೇಗೂ ಗ್ರೀಸ್ ಮೆತ್ತಿದ ಕಬ್ಬಿಣ ಬೇಕು, ಸರಿಹೋಯಿತು.

ಮೂರನೆಯದು ಬಗ್ಗುವ ರಬ್ಬರಿನಂಥ ತುಂಡುಗಳು. ಆಂಟೆನಾ, ಕತ್ತಿ, ಚಕ್ರ ಇಂಥವು. ಎನಾಮೆಲ್ ಬಣ್ಣ ಹಚ್ಚಿದರೆ ಇವು ತಿಂಗಳಾದರೂ ಅಂಟಂಟಾಗೇ ಉಳಿಯುತ್ತವೆ. ಅಕ್ರಿಲಿಕ್ ಪರವಾಗಿಲ್ಲ, ತೆಳ್ಳಗೆ ಮಾತ್ರ.

ತೊಳೆ, ತಿಕ್ಕು

ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಹಳೆಯ ಟೂತ್ ಬ್ರಷ್. ಅಚ್ಚಿನಿಂದ ಬಿಡಿಸಲು ಹಚ್ಚುವ ಎಣ್ಣೆ, ನಮ್ಮ ಬೆರಳಿನ ಜಿಡ್ಡು ಎರಡೂ ಹೋಗಬೇಕು. ರಾತ್ರಿಯಿಡೀ ಒಣಗಲಿ. ಸ್ಕ್ರೂ ತೂತುಗಳಲ್ಲಿ ನೀರು ನಿಂತಿರುತ್ತದೆ, ಜಾಡಿಸಿ.

ತಿಕ್ಕುವ ವಿಷಯದಲ್ಲಿ ನನ್ನ ಗುರು ಶಿರಾ ಗೇಟ್ ಕಡೆಯ ಒಬ್ಬ ಲಾರಿ ಪೇಂಟರ್. ಅಂಚಿನ ಬಿಳಿ ಎಷ್ಟು ಅಗಲ ಇರುತ್ತದೆ ಅಂತ ಅಳೆಯಲು ಹೋಗಿದ್ದೆ. "ಅಣ್ಣ, ಬಣ್ಣ ಯಾಕೆ ಕಿತ್ತು ಬರುತ್ತೆ?" ಅಂತ ಕೇಳಿದೆ. "ತಿಕ್ಕೋಕೆ ಸೋಮಾರಿತನ ಮಾಡಿದ್ರೆ ಲಾರೀದೂ ಬರುತ್ತೆ ಸಾರ್, ಬೊಂಬೇದೂ ಬರುತ್ತೆ" ಅಂದ. ಅವನು ಎರಡು ದಿನ ತಿಕ್ಕಿ ಅರ್ಧ ದಿನ ಬಣ್ಣ ಹೊಡೆಯುತ್ತಾನಂತೆ.

ಇಡೀ ಹೊರಮೈಗೆ 600 ನಂಬರಿನ ವಾಟರ್ ಪೇಪರ್ ನೀರಲ್ಲಿ ಅದ್ದಿ ಹಗುರವಾಗಿ ತಿಕ್ಕಿ, ಹೊಳಪು ಹೋಗಿ ಮಂಕಾದರೆ ಸಾಕು. ಬಣ್ಣ ಹಚ್ಚಲೇಬೇಕಾದ ಉಜ್ಜುವ ಜಾಗಗಳಿಗೆ ಬೇರೆ ಲೆಕ್ಕ. ಅಲ್ಲಿ ಮೊದಲು 400, ಆಮೇಲೆ 600, ಕೊನೆಗೆ 1000. ಬರಲಿರುವ ಬಣ್ಣದ ದಪ್ಪವನ್ನು ಪ್ಲಾಸ್ಟಿಕ್ಕಿನಿಂದ ಮೊದಲೇ ಕಳೆಯುತ್ತಿದ್ದೀರಿ ಅಷ್ಟೆ. ಎಷ್ಟು ತಿಕ್ಕಬೇಕು ಅಂತ ತಿಳಿಯಲು ಒಂದು ಉಪಾಯ ಇದೆ. ಎರಡು ತುಂಡು ಕೈಯಲ್ಲೇ ಸೇರಿಸಿ, ನಡುವೆ ಮಾಸ್ಕಿಂಗ್ ಟೇಪಿನ ಒಂದು ಪದರ ಅಂಟಿಸಿ ಸರಿಸಿ ನೋಡಿ. ಟೇಪ್ ಇದ್ದೂ ಸಲೀಸಾಗಿ ಜಾರಿದರೆ ಬಣ್ಣಕ್ಕೆ ಜಾಗ ಆಯಿತು. ಸಿಕ್ಕಿಹಾಕಿಕೊಂಡರೆ ಇನ್ನೂ ತಿಕ್ಕಿ. ಹಾಗಂತ ಗುಂಡು ಕೀಲಿನ ಗುಂಡನ್ನು ಮಾತ್ರ ತಿಕ್ಕಬೇಡಿ. ಅದು ಸಡಿಲವಾದರೆ ಕೈ ಜೋತುಬೀಳುತ್ತದೆ.

ಹೊಸದೇನಾದರೂ ಸೇರಿಸುವುದಿದ್ದರೆ ಈಗಲೇ ಸೇರಿಸಿ. ಲಾರಿಯ ಕ್ಯಾಬಿನ್ ನೆತ್ತಿಯ ಕ್ಯಾರಿಯರ್, ಮುಂದಿನ ಗಾರ್ಡ್ ಕಂಬಿ ನಾನು ಪೇಪರ್ ಕ್ಲಿಪ್ ತಂತಿ ಬಗ್ಗಿಸಿ, ಎಂ-ಸೀಲ್ ಇಟ್ಟು ಕೂರಿಸಿದೆ. ಎಂ-ಸೀಲ್ ಎರಡು ಉಂಡೆ ಬಣ್ಣ ಒಂದಾಗುವವರೆಗೆ ನಾದಬೇಕು. ಬೆರಳು ಒದ್ದೆ ಮಾಡಿಕೊಂಡರೆ ಅಂಟುವುದಿಲ್ಲ. ಕೂರಿಸುವ ಮೊದಲು ಕಾಗದದ ಚೂರನ್ನು ಅದೇ ಆಕಾರಕ್ಕೆ ಕತ್ತರಿಸಿ ಅಂಟಿಸಿ, ಮಡಚಿ ನೋಡಿ. ನನ್ನ ಮೊದಲ ಕ್ಯಾರಿಯರ್ ಲಾರಿಯಾಗಿ ಅದ್ಭುತವಾಗಿತ್ತು. ರೋಬೋಟ್ ಆದಾಗ ತನ್ನದೇ ಗಲ್ಲಕ್ಕೆ ಹೊಡೆಯುತ್ತಿತ್ತು.

ಪ್ರೈಮರ್, ಬಿಸಿಲು, ಗಾಳಿ

ಸ್ಪ್ರೇ ಕೆಲಸ ಮಹಡಿ ಮೇಲೆ, ಮಾಸ್ಕ್ ಹಾಕಿಕೊಂಡು. ಮನೆಯೊಳಗೆ ಬೇಡವೇ ಬೇಡ. ನಮ್ಮೂರಿನ ಹವೆಗೆ ಫೆಬ್ರವರಿ ಬೆಳಗಿನ ಎಂಟರಿಂದ ಹತ್ತು ಗಂಟೆ ಪ್ರಶಸ್ತ. ಏಪ್ರಿಲ್ ಮಧ್ಯಾಹ್ನ ಹೊಡೆದರೆ ಬಣ್ಣ ಗಾಳಿಯಲ್ಲೇ ಒಣಗಿ ಮೈಮೇಲೆ ಮರಳಿನ ಹಾಗೆ ಕೂರುತ್ತದೆ. ಆಷಾಢದ ಗಾಳಿಯಲ್ಲಿ ಹೊಡೆದರೆ ಪಕ್ಕದ ಮನೆ ಪಂಚೆಗೆ ಹೋಗುತ್ತದೆ. ಮಳೆಗಾಲದ ತೇವದಲ್ಲಿ ಹೊಡೆದ ವಾರ್ನಿಷ್ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ಮತ್ತೆ, ಅಮ್ಮ ಸಂಡಿಗೆ ಒಣಗಲು ಹಾಕಿದ ದಿನ ಮಹಡಿಗೆ ಕಾಲಿಡಬೇಡಿ.

ತುಂಡುಗಳನ್ನು ಹಿಡಿಯಲು ಊದುಬತ್ತಿ ಉರಿದು ಉಳಿದ ಕಡ್ಡಿಗಳನ್ನು ಬಳಸಿ. ಸ್ಕ್ರೂ ತೂತಿಗೆ ಕಡ್ಡಿ ಚುಚ್ಚಿ, ಕಡ್ಡಿಯನ್ನು ಬಾಳೆ ದಿಂಡಿಗೆ ಚುಚ್ಚಿ ನಿಲ್ಲಿಸಿ. ಥರ್ಮಾಕೋಲ್ ಉಪಯೋಗಿಸಬೇಡಿ, ಸ್ಪ್ರೇ ತಾಗಿದರೆ ಕರಗಿ ತುಂಡುಗಳೆಲ್ಲ ಬಣ್ಣದ ಸಮೇತ ಮಗುಚುತ್ತವೆ. ಬಾಳೆ ದಿಂಡಿಗೆ ಏನೂ ಆಗುವುದಿಲ್ಲ.

ಡಬ್ಬ ಚೆನ್ನಾಗಿ ಕುಲುಕಿ. ಸುಮಾರು 20 ರಿಂದ 25 ಸೆಂಟಿಮೀಟರ್ ದೂರ ಹಿಡಿದು, ತುಂಡಿನ ಆಚೆಯೇ ಶುರು ಮಾಡಿ, ಆಚೆಯೇ ನಿಲ್ಲಿಸಿ. ಮೊದಲ ಕೋಟ್ ಮಂಜು ಬಿದ್ದಷ್ಟೇ ಇರಲಿ. ಪೂರ್ತಿ ಮುಚ್ಚಬೇಕೆಂಬ ಆಸೆ ಬೇಡ. ಹತ್ತು ನಿಮಿಷ ಬಿಟ್ಟು ಎರಡನೆಯದು. ಉಜ್ಜುವ ಜಾಗಗಳಿಗೆ ಎರಡನೇ ಕೋಟ್ ಬೇಡ. ಗುಂಡುಗಳಿಗೆ, ಪಿನ್ ತೂತುಗಳಿಗೆ ಮೊದಲೇ ಟೇಪ್ ಸುತ್ತಿರಬೇಕು.

ಬಣ್ಣ

ಅಕ್ರಿಲಿಕ್ ಬಣ್ಣವನ್ನು ಟ್ಯೂಬಿನಿಂದ ಹಾಗೇ ಹಚ್ಚಿದರೆ ಬ್ರಷ್ಷಿನ ಗೆರೆ ಉಳಿಯುತ್ತದೆ. ನೀರು ಬೆರೆಸಿ. ದೋಸೆ ಹಿಟ್ಟಿನಷ್ಟಲ್ಲ, ಹಾಲಿನಷ್ಟು ತೆಳು. ಹಾಲು ಅಂದರೆ ಗಟ್ಟಿ ಹಾಲು. ಮೊದಲ ಕೋಟ್ ಹಚ್ಚಿದಾಗ ನೋಡಲು ಅಳು ಬರುತ್ತದೆ. ತೇಪೆ ತೇಪೆ. ಅಳದೆ ಅರ್ಧ ಗಂಟೆ ಬಿಟ್ಟು ಎರಡನೆಯದು, ಆಮೇಲೆ ಮೂರನೆಯದು. ಮೂರು ತೆಳು ಕೋಟ್ ಸೇರಿದರೂ ಒಂದು ದಪ್ಪ ಕೋಟಿಗಿಂತ ತೆಳುವಾಗಿರುತ್ತದೆ, ಗಟ್ಟಿಯಾಗಿಯೂ ಇರುತ್ತದೆ.

ಲಾರಿ ಕಂದು ಬಣ್ಣಕ್ಕೆ ನಾನು ಬರ್ನ್ಟ್ ಸಿಯೆನಾಗೆ ಯೆಲ್ಲೋ ಓಕರ್ ಬೆರೆಸಿ, ಬಿಳಿ ಒಂದು ಹನಿ ಹಾಕಿದೆ. ಇಡೀ ಕೆಲಸಕ್ಕೆ ಬೇಕಾದ್ದನ್ನು ಒಂದೇ ಸಲ ಕಲಸಿ, ಖಾಲಿ ಔಷಧಿ ಬಾಟಲಿಗೆ ತುಂಬಿಡಿ. ಎರಡನೇ ಸಲ ಕಲಸಿದ ಬಣ್ಣ ಮೊದಲಿನದಕ್ಕೆ ಎಂದೂ ಕೂಡುವುದಿಲ್ಲ. ಹಳದಿ ಹಚ್ಚುವವರಿಗೆ ಒಂದು ಮಾತು. ಹಳದಿಗೆ ಮುಚ್ಚುವ ಶಕ್ತಿ ಕಡಿಮೆ. ಬೂದು ಪ್ರೈಮರ್ ಮೇಲೆ ಹಚ್ಚಿದರೆ ಹಸಿರಿಗೆ ತಿರುಗಿದಂತೆ ಕೊಳಕಾಗಿ ಕಾಣುತ್ತದೆ. ಮೊದಲು ಬಿಳಿ ಹಚ್ಚಿ, ಅದರ ಮೇಲೆ ಹಳದಿ.

ಬಿಳಿ ಅಂಚು ನೇರ ಬರಬೇಕಾದರೆ ಟೇಪ್ ಬೇಕು. ಹಾರ್ಡ್‌ವೇರ್ ಅಂಗಡಿಯ ಟೇಪಿನ ಅಂಚು ಒರಟು, ಕೆಳಗೆ ಬಣ್ಣ ನುಸುಳುತ್ತದೆ. ಅದಕ್ಕೆ ಮೊದಲು ಟೇಪನ್ನು ಗಾಜಿನ ಮೇಲೆ ಅಂಟಿಸಿ, ಸ್ಕೇಲ್ ಇಟ್ಟು ಬ್ಲೇಡಿನಿಂದ ಹೊಸ ಅಂಚು ಕೊಯ್ಯಿರಿ. ಮೈಗೆ ಅಂಟಿಸಿ ಉಗುರಿನಿಂದ ಒತ್ತಿ. ಈಗ ಟೇಪಿನ ಅಂಚಿಗೆ ಬಿಳಿ ಅಲ್ಲ, ಕೆಳಗಿರುವ ಅದೇ ಕಂದು ಬಣ್ಣವನ್ನು ಒಮ್ಮೆ ಸವರಿ. ನುಸುಳುವುದಿದ್ದರೆ ಕಂದು ನುಸುಳಿ ಸಂದು ಮುಚ್ಚಿಕೊಳ್ಳುತ್ತದೆ, ಕಣ್ಣಿಗೆ ಕಾಣುವುದೂ ಇಲ್ಲ. ಅದು ಒಣಗಿದ ಮೇಲೆ ಬಿಳಿ. ಟೇಪ್ ಬಿಡಿಸುವಾಗ ಮೇಲಕ್ಕೆ ಎಳೆಯಬೇಡಿ, ಅದರ ಮೇಲೇ ಮಗುಚಿ ಮೈಗೆ ಹತ್ತಿಸಿಕೊಂಡು ಹಿಂದಕ್ಕೆ ಎಳೆಯಿರಿ.

ಹಚ್ಚಿದ್ದು ಪೂರ್ತಿ ಕೆಟ್ಟರೆ? ಅಕ್ರಿಲಿಕ್ ಆದರೆ ಡೆಟಾಲ್‌ನಲ್ಲಿ ನೀರು ಬೆರೆಸದೆ ಒಂದು ರಾತ್ರಿ ಅದ್ದಿಡಿ, ಟೂತ್ ಬ್ರಷ್ಷಿಗೆ ಬಿಡುತ್ತದೆ. ಆದರೆ ಉಜ್ಜುವಾಗಲೂ ಡೆಟಾಲ್‌ನಲ್ಲೇ ಉಜ್ಜಿ. ಮಧ್ಯೆ ನೀರು ತಾಗಿದರೆ ಬಿಟ್ಟ ಬಣ್ಣ ಹಲಸಿನ ಅಂಟಿನ ಹಾಗೆ ಮೆತ್ತಿಕೊಳ್ಳುತ್ತದೆ. ಗ್ಲೌಸ್ ಹಾಕಿ. ಮನೆಯೆಲ್ಲ ಆಸ್ಪತ್ರೆ ವಾಸನೆ, ಮೂರು ದಿನ.

ಲಾರಿ ವೇಷ

ಇಲ್ಲಿಂದ ಮೋಜು. ವಾಣಿಜ್ಯ ವಾಹನದ ಪ್ಲೇಟು ಹಳದಿ, ಅಕ್ಷರ ಕಪ್ಪು. ತುಮಕೂರಿನದು ಕೆಎ 06. ತಿಪಟೂರಿನ ಕೊಬ್ಬರಿ ಲಾರಿ ಮಾಡುವವರು ಕೆಎ 44 ಹಾಕಿ, ಮಧುಗಿರಿಯವರು ಕೆಎ 64. ಮುಂದಿನ ಅಂಕಿ ನಿಮ್ಮ ಇಷ್ಟ. ನಾನು 1984 ಹಾಕಿದೆ. ಇಷ್ಟು ಸಣ್ಣ ಅಕ್ಷರ ಬ್ರಷ್ಷಿನಲ್ಲಿ ಬರೆಯಲು ಹೋಗಬೇಡಿ. ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಜೆರಾಕ್ಸ್ ಅಂಗಡಿಯಲ್ಲಿ ಸ್ಟಿಕರ್ ಹಾಳೆ ಮೇಲೆ ಲೇಸರ್ ಪ್ರಿಂಟ್ ಹಾಕಿಸಿ. ಇಂಕ್‌ಜೆಟ್ ಆದರೆ ವಾರ್ನಿಷ್ ತಾಗಿದಾಗ ಹರಡುತ್ತದೆ. ಒಂದೇ ಹಾಳೆಯಲ್ಲಿ ಮೂರು ಅಳತೆಯಲ್ಲಿ ಹಾಕಿಸಿಕೊಳ್ಳಿ, ಯಾವುದು ಕೂರುತ್ತದೋ ಅದು. "ತಾಯಿಯ ಆಶೀರ್ವಾದ" ಹಣೆಗೆ, "ಸೌಂಡ್ ಹಾರ್ನ್" ಬೆನ್ನಿಗೆ. ರೋಬೋಟ್ ಆದಾಗ ಹಣೆಬರಹ ಎದೆ ಮೇಲೆ ಬರುತ್ತದೆ. ಅದನ್ನು ನಾನು ಯೋಚಿಸಿ ಮಾಡಿದ್ದಲ್ಲ, ತಾನಾಗಿ ಹಾಗೆ ಬಂತು.

ಸ್ಟಿಕರನ್ನು ಎರಡು ತುಂಡು ಕೂಡುವ ಗೆರೆ ದಾಟಿಸಿ ಅಂಟಿಸಬೇಡಿ. ದಾಟಲೇಬೇಕಾದರೆ ಗೆರೆಯ ಮೇಲೆ ಬ್ಲೇಡಿನಿಂದ ಕೊಯ್ದುಬಿಡಿ.

ಗೆರೆ, ಮೂಲೆಗಳಲ್ಲಿ ಕೊಳೆ ತುಂಬಿದ ಹಾಗೆ ಕಾಣಲು ಕಪ್ಪಿಗೆ ಸ್ವಲ್ಪ ಕಂದು ಸೇರಿಸಿ, ನೀರು ಜಾಸ್ತಿ ಮಾಡಿ, ಪಾತ್ರೆ ಲಿಕ್ವಿಡ್ ಒಂದು ಹನಿ ಹಾಕಿ ಸವರಿ. ಒಂದು ನಿಮಿಷ ಬಿಟ್ಟು ಕಿವಿಗೆ ಹಾಕುವ ಹತ್ತಿ ಕಡ್ಡಿ ಒದ್ದೆ ಮಾಡಿ ಒರೆಸಿ. ಉಬ್ಬಿದ ಕಡೆ ಹೋಗುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಇನ್ನು ಬಂಪರ್, ಅಂಚುಗಳಲ್ಲಿ ಬಣ್ಣ ಸವೆದು ಕಬ್ಬಿಣ ಕಂಡಂತೆ ಮಾಡಲು, ಬ್ರಷ್ಷಿಗೆ ಬೆಳ್ಳಿ ಬಣ್ಣ ಹಚ್ಚಿ ಕಾಗದಕ್ಕೆ ಒರೆಸಿ ಒರೆಸಿ ಬಹುತೇಕ ಖಾಲಿ ಮಾಡಿ, ಆಮೇಲೆ ಅಂಚಿಗೆ ಹಗುರವಾಗಿ ತಾಗಿಸಿ. ಇಲ್ಲೊಂದು ಗುಟ್ಟು ಹೇಳುತ್ತೇನೆ. ಮುಂದೆ ಬಣ್ಣ ನಿಜವಾಗಿಯೂ ಸವೆಯುವ ಜಾಗ ಯಾವುದು ಅಂತ ನಿಮಗೆ ಪೌಡರ್ ಮೊದಲೇ ತೋರಿಸಿದೆ. ಬೆಳ್ಳಿಯನ್ನು ಅಲ್ಲಿಗೇ ಹಾಕಿ. ನಾಳೆ ಅಲ್ಲಿ ಬಣ್ಣ ಹೋದರೂ ಬೇಕಂತಲೇ ಮಾಡಿದ ಹಾಗೆ ಇರುತ್ತದೆ.

ಧೂಳಿಗೆ ನಮ್ಮ ಕೆಂಪು ಮಣ್ಣನ್ನೇ ಬಟ್ಟೆಯಲ್ಲಿ ಶೋಧಿಸಿ ಹಾಕಿದ್ದೆ. ನೋಡಲು ಸಾಕ್ಷಾತ್ ಪಾವಗಡ ರಸ್ತೆಯಲ್ಲಿ ಬಂದ ಲಾರಿ. ಆದರೆ ಕಣ್ಣಿಗೆ ಕಾಣದ ಮರಳು ಕೀಲಿಗೆ ಹೋಗಿ ಕರ್ ಕರ್ ಅನ್ನಲು ಶುರುವಾಯಿತು. ಪೂರ್ತಿ ಬಿಚ್ಚಿ ತೊಳೆಯಬೇಕಾಯಿತು. ಮಕ್ಕಳ ಚಿತ್ರಕಲೆಯ ಒಣ ಪೇಸ್ಟಲ್ ಚಾಕ್, ಇಟ್ಟಿಗೆ ಬಣ್ಣದ್ದು, ಬ್ಲೇಡಿನಲ್ಲಿ ಕೆರೆದು ಪುಡಿ ಮಾಡಿ ಮೆತ್ತನೆ ಬ್ರಷ್ಷಿನಲ್ಲಿ ಸವರಿ. ಅಷ್ಟೇ ಚೆನ್ನಾಗಿ ಕಾಣುತ್ತದೆ. ಮೇಲೆ ಮ್ಯಾಟ್ ವಾರ್ನಿಷ್ ಎರಡು ತೆಳು ಕೋಟ್, ಉಜ್ಜುವ ಜಾಗ ಬಿಟ್ಟು.

ಕಾಯುವುದು, ಜೋಡಿಸುವುದು

ಅಕ್ರಿಲಿಕ್ ಅರ್ಧ ಗಂಟೆಯಲ್ಲಿ ಮುಟ್ಟಿದರೆ ಅಂಟುವುದಿಲ್ಲ. ಆದರೆ ಅದು ಒಳಗೆ ಗಟ್ಟಿಯಾಗಲು ದಿನಗಳು ಬೇಕು. ನಾನು ಒಂದು ವಾರ ಬಿಡುತ್ತೇನೆ. ಈ ವಾರ ತುಂಬಾ ಕಷ್ಟ. ಡಬ್ಬದಲ್ಲಿಟ್ಟು ಬೀರು ಮೇಲೆ ಹಾಕಿಬಿಡಿ.

ಜೋಡಿಸುವಾಗ ಸ್ಕ್ರೂವನ್ನು ತೂತಿನಲ್ಲಿಟ್ಟು ಮೊದಲು ಉಲ್ಟಾ, ಅಂದರೆ ಬಿಚ್ಚುವ ದಿಕ್ಕಿಗೆ ತಿರುಗಿಸಿ. ಒಂದು ಕಡೆ ಟಕ್ ಅಂತ ಸಣ್ಣಗೆ ಕೆಳಗೆ ಬೀಳುತ್ತದೆ. ಅದು ಹಳೆಯ ಮರೆಗೆ, ಅಂದರೆ ಥ್ರೆಡ್ಡಿಗೆ, ಕೂತಿತು ಅಂತ. ಈಗ ಬಿಗಿ ಮಾಡಿ. ಹೀಗೆ ಮಾಡದಿದ್ದರೆ ಸ್ಕ್ರೂ ಪ್ಲಾಸ್ಟಿಕ್ಕಿನಲ್ಲಿ ಹೊಸ ಮರೆ ಕೊರೆಯುತ್ತದೆ. ಎರಡು ಮೂರು ಸಲಕ್ಕೆ ತೂತು ಸವೆದು ಸ್ಕ್ರೂ ಸುಮ್ನೆ ತಿರುಗುತ್ತಾ ಇರುತ್ತದೆ.

ಗುಂಡು ಕೀಲು ಸಡಿಲವಾಗಿದ್ದರೆ ಗುಂಡನ್ನು ಹೊರಗೆ ತೆಗೆದು ಬಿಳಿ ಫೆವಿಕಾಲ್ ತೆಳ್ಳಗೆ ಸವರಿ, ಒಂದು ದಿನ ಪೂರ್ತಿ ಒಣಗಿಸಿ, ಆಮೇಲೆ ಕೂರಿಸಿ. ಜಾಸ್ತಿ ಬಿಗಿಯಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬಹುದು. ಫೆವಿಕ್ವಿಕ್ ಹಾಕಿದರೆ ಇನ್ನೂ ಗಟ್ಟಿ ನಿಲ್ಲುತ್ತದೆ ನಿಜ. ಆದರೆ ಹಸಿ ಇರುವಾಗಲೇ ಕೂರಿಸಿದಿರೋ, ಆ ಕೈ ಸಾಯುವವರೆಗೂ ಸಲಾಮು ಹೊಡೆದುಕೊಂಡೇ ಇರುತ್ತದೆ.

ಮೊದಲ ಮಡಚು ನಿಧಾನ. ಎಲ್ಲಾದರೂ ನಿಂತರೆ ಜೋರು ಮಾಡಬೇಡಿ. ಹಿಂದಕ್ಕೆ ಬಂದು, ಆ ಜಾಗದಲ್ಲಿ ಬಣ್ಣ ಎಲ್ಲಿ ಹೊಳಪಾಗಿದೆ ನೋಡಿ, 1000 ನಂಬರಿನಲ್ಲಿ ನಾಲ್ಕು ಸಲ ತಿಕ್ಕಿ, ಮತ್ತೆ ಪ್ರಯತ್ನಿಸಿ. ನನ್ನ ಲಾರಿಯ ಎಡ ಮೊಣಕಾಲಿಗೆ ಇದನ್ನು ಮೂರು ಸಲ ಮಾಡಬೇಕಾಯಿತು. ಬಲಕ್ಕೆ ಒಂದೂ ಬೇಕಾಗಲಿಲ್ಲ, ಯಾಕೋ ಗೊತ್ತಿಲ್ಲ.

ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ, ಬಿಳಿ ಪ್ಲಾಸ್ಟಿಕ್ ಹಳದಿಯಾಗುತ್ತದೆ. ಬಾಯಿಗೆ ಹಾಕುವ ವಯಸ್ಸಿನ ಮಕ್ಕಳ ಕೈಗೆ ಕೊಡಬೇಡಿ. ಯಾರಿಗಾದರೂ ಮಾರುವುದಿದ್ದರೆ ಬಣ್ಣ ನಿಮ್ಮದು ಅಂತ ಮೊದಲೇ ಹೇಳಿ. ಉಳಿದ ಕಂದು ಬಣ್ಣದ ಬಾಟಲಿ ಎಸೆಯಬೇಡಿ, ಆರು ತಿಂಗಳಿಗೊಮ್ಮೆ ತೇಪೆಗೆ ಬೇಕು.

ದಸರೆಗೆ ಅಮ್ಮನೇ ಆ ಲಾರಿಯನ್ನು ಕೇಳಿ ತೆಗೆದುಕೊಂಡು ಹೋಗಿ ಗೊಂಬೆಗಳ ಕೊನೆ ಮೆಟ್ಟಿಲಲ್ಲಿ, ಶೆಟ್ಟರ ಅಂಗಡಿಯ ಪಕ್ಕ ನಿಲ್ಲಿಸಿದರು. ಹಿಂದೆ ನಾಲ್ಕು ಅಡಿಕೆ ಹಾಕಿ ತೆಂಗಿನಕಾಯಿ ಲೋಡು ಅಂದರು. ನಿಂಬೆಹಣ್ಣು ಮೆಣಸಿನಕಾಯಿ ಮಾತ್ರ ಮೂರನೇ ಸಲ ಮಡಚುವಾಗ ಸಿಕ್ಕಿಕೊಂಡು ಕಿತ್ತುಹೋಯಿತು. ಎಂ-ಸೀಲ್‌ನಲ್ಲಿ ಮಾಡಿ ಬಂಪರಿಗೆ ಅಂಟಿಸಿದ್ದೆ. ಈಗ ಅದನ್ನೇ ದಾರಕ್ಕೆ ಪೋಣಿಸಿ ಬೇರೆ ಇಟ್ಟಿದ್ದೇನೆ. ಲಾರಿ ಆದಾಗ ಕಟ್ಟುತ್ತೇನೆ, ರೋಬೋಟ್ ಆಗುವ ಮೊದಲು ಬಿಚ್ಚುತ್ತೇನೆ.